ಬ್ಯಾನರಿನ ಹನುಮ ಯಾರ ಕೈಯವನು?

ತೋವಿನಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಆ ಮುಖ ಕಣ್ಣಿಗೆ ಬೀಳುತ್ತದೆ. ಆಟೋದ ಹಿಂಗಾಜಿನ ಮೇಲೆ, ಕೇಸರಿ-ಕಪ್ಪಿನಲ್ಲಿ ಹುಬ್ಬು ಗಂಟಿಕ್ಕಿದ ಹನುಮ. ಬರೆದವರು ಕಾಸರಗೋಡು ಸೀಮೆಯ ಕುಂಬಳೆಯ ಕರಣ್ ಆಚಾರ್ಯ. 2015ರಲ್ಲಿ ಊರ ಹುಡುಗರು ಗಣೇಶನ ಹಬ್ಬದ ಬಾವುಟಕ್ಕೆ ಚಿತ್ರ ಕೇಳಿದಾಗ ಕಂಪ್ಯೂಟರಿನಲ್ಲಿ ಬಿಡಿಸಿಕೊಟ್ಟದ್ದು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯೇ ಹೊಗಳಿದರು. ಮುಖ ಎಲ್ಲರಿಗೂ ಗೊತ್ತು, ಬರೆದವರ ಹೆಸರು ಗೊತ್ತಿರುವವರು ಕಡಿಮೆ.

ಮೊಬೈಲಿನಲ್ಲಿ ಚಿತ್ರ ಮಾಡಲು ಕೂತವರು ಇಲ್ಲಿಂದ ಶುರು ಮಾಡಿದರೆ ಒಳ್ಳೆಯದು. ಹನುಮ ಯಾರಪ್ಪನ ಸ್ವತ್ತೂ ಅಲ್ಲ. ಆ ಹುಬ್ಬು, ಆ ನೆರಳು, ಆ ಗೆರೆ ಮಾತ್ರ ಒಬ್ಬರ ಕೈಯದು. ಒಂದು ನಾಟಕ-ಸಿನಿಮಾ ಜಗಳದಲ್ಲಿ, ಆರ್.ಜಿ. ಆನಂದ್ ಪ್ರಕರಣದಲ್ಲಿ, 1978ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತು: ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ಬಗೆಗೆ ಇದೆ.

ಹಂತ 1: ಮೂಲ ಹಿಡಿಯಿರಿ. ‘ಗೂಗಲ್‌ನಲ್ಲಿ ಸಿಕ್ತು’ ಅನ್ನುವುದು ‘ಸಂತೆಯಲ್ಲಿ ಸಿಕ್ತು’ ಅಂದಹಾಗೆ. ಯಾರ ಅಂಗಡಿಯದು? ಚಿತ್ರವಿರುವ ಪುಟಕ್ಕೇ ಹೋಗಿ. ವಾಟ್ಸಾಪಿನಲ್ಲಿ ಬಂದದ್ದಾದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಬರೆದವರು ಯಾರೆಂದು ತಿಳಿಯಲಿಲ್ಲವೇ, ಬಿಟ್ಟುಬಿಡಿ. ಹೆಸರು ಹಾಕಿಲ್ಲ ಅಂದರೆ ಒಡೆಯರಿಲ್ಲ ಅಂತಲ್ಲ; ನೋಂದಣಿ ಮಾಡಿಸದಿದ್ದರೂ ಬಿಡಿಸಿದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ.

ಹಂತ 2: ವರ್ಷ ಎಣಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದರು ಬದುಕಿರುವಷ್ಟು ಕಾಲ, ಆಮೇಲೆ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೇವರಕೋಣೆಯ ಕಮಲದ ಮೇಲೆ ನಿಂತ ಅವರ ಲಕ್ಷ್ಮಿಯನ್ನು ಧೈರ್ಯವಾಗಿ ಎತ್ತಿಕೊಳ್ಳಿ. ಆದರೆ ಈ ವರ್ಷದ ಕ್ಯಾಲೆಂಡರಿಗೆಂದು ಯಾರೋ ಹೊಸದಾಗಿ ಬರೆದ ಲಕ್ಷ್ಮಿ ಬೇರೆ, ಅವಳನ್ನು ಮುಟ್ಟಬೇಡಿ. ನಮ್ಮ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಅವರ ಕಾಲದಲ್ಲೇ ಹೊರಬಂದ ಚಿತ್ರಗಳ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಆರ್.ಕೆ. ಲಕ್ಷ್ಮಣರ ಗೆರೆಗೆ ಕೈಹಾಕಲು 2075 ಕಳೆಯಬೇಕು. ನಿಮ್ಮ ಮೊಮ್ಮಕ್ಕಳಿಗೆ ಹೇಳಿಡಿ.

ಹಂತ 3: ಷರತ್ತು ಓದಿ. ವಿಕಿಮೀಡಿಯ ಕಾಮನ್ಸ್‌ನ ಚಿತ್ರಗಳ ಕೆಳಗೆ ಪರವಾನಗಿ ಬರೆದಿರುತ್ತದೆ. ‘ಬಿವೈ’ ಅಂದರೆ ಹೆಸರು ಹಾಕಬೇಕು, ‘ಎಸ್‌ಎ’ ಅಂದರೆ ನೀವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಬೇರೆ ಕಡೆ ‘ಎನ್‌ಸಿ’ ಕಂಡರೆ ದುಡ್ಡಿನ ಕೆಲಸಕ್ಕಿಲ್ಲ, ‘ಎನ್‌ಡಿ’ ಕಂಡರೆ ತಿದ್ದಿದ್ದನ್ನು ಹಂಚುವಂತಿಲ್ಲ.

ಹಂತ 4: ‘ಮೂವತ್ತು ಪರ್ಸೆಂಟ್ ಬದಲಾಯಿಸಿದ್ರೆ ನಮ್ಮದು’ ಅನ್ನುವುದನ್ನು ಮರೆತುಬಿಡಿ. ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ಶುರುವಿನಲ್ಲಿ ನಾನೂ ಇದನ್ನು ನಂಬಿದ್ದೆ. ಯಾರೋ ತೆಗೆದ ಬೆಟ್ಟದ ಫೋಟೋವನ್ನು ಎಡ-ಬಲ ತಿರುಗಿಸಿ, ಬಾನಿಗೆ ನೇರಳೆ ಬಳಿದು, ಜಾತ್ರೆಯ ಬ್ಯಾನರಿಗೆ ಹಾಕಿದೆ. ಮೂರನೇ ದಿನ ಫೋಟೋ ತೆಗೆದವರ ಫೋನು ಬಂತು: “ಅಣ್ಣಾ, ಬೆಟ್ಟ ತಿರುಗಿಸಿದ್ದೀರ ಸರಿ, ಬಂಡೆ ಮೇಲಿರೋ ಮೇಕೆ ನಂದೇ ಅಲ್ವಾ?” ಜೂಮ್ ಮಾಡಿ ನೋಡಿದರೆ ಹೌದು, ಕಿವಿ ಮೇಲೆತ್ತಿ ನನ್ನನ್ನೇ ನೋಡುತ್ತಿತ್ತು. ರಾತ್ರಿಯೆಲ್ಲ ಕೂತು ಕಷ್ಟಪಟ್ಟಿದ್ದೆನಲ್ಲ ಅಂದರೂ ನಡೆಯುವುದಿಲ್ಲ. ಬರೀ ಬೆವರು ಸಾಲದು, ಸ್ವಲ್ಪವಾದರೂ ಸ್ವಂತ ಕಲ್ಪನೆ ಬೇಕೆಂದು 2007ರ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಲ್ಪನೆ ಬೆರೆಸಿದರೂ ಹೊಸದಾಗಿ ಸೇರಿಸಿದ್ದಷ್ಟೇ ನಿಮ್ಮದು. ಮೂಲ ಫೋಟೋಗೆ ಒಪ್ಪಿಗೆ ಬೇಕೇ ಬೇಕು.

ಹಂತ 5: ನಿಮ್ಮ ಫೋಟೋದಿಂದ ಶುರು ಮಾಡಿ. ಸಿದ್ದರಬೆಟ್ಟ ಪಕ್ಕದಲ್ಲೇ ಇದೆ, ಮಧುಗಿರಿಯ ಏಕಶಿಲಾ ಬೆಟ್ಟವೂ ದೂರವಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ. ನಡುಮಧ್ಯಾಹ್ನ ಬಂಡೆ ಚಪ್ಪಟೆ ಕಾಣುತ್ತದೆ. ಸರ್ಕಲ್‌ನಲ್ಲಿ ಕಾಯಂ ನಿಂತ ಪ್ರತಿಮೆಯನ್ನು ಬಿಡಿಸಲೂ ಫೋಟೋ ತೆಗೆಯಲೂ ಕಾಯ್ದೆಯ 52ನೇ ಕಲಮಿನ ರಿಯಾಯಿತಿ ಇದೆ. ಆಪ್‌ನಲ್ಲಿ ಫೋಟೋವನ್ನು ಕೆಳಗಿನ ಲೇಯರ್‌ನಲ್ಲಿಟ್ಟು ಮಂಕು ಮಾಡಿ, ಮೇಲೊಂದು ಖಾಲಿ ಲೇಯರ್ ತೆರೆದು ಬಂಡೆಯ ಅಂಚು, ಕೋಟೆಗೋಡೆ ಇಷ್ಟನ್ನೇ ಎಳೆಯಿರಿ. ಆಮೇಲೆ ಫೋಟೋ ಮರೆಮಾಡಿ, ನೆನಪಿನಿಂದ ಮುಂದುವರಿಸಿ. ನನ್ನ ಬಂಡೆ ಮೊದಮೊದಲು ರಾಗಿಮುದ್ದೆಯಂತೆ ಬರುತ್ತಿತ್ತು. ಆದರೂ ನನ್ನ ಮುದ್ದೆ.

ಹಂತ 6: ಗಿರಾಕಿ ಮದುವೆ ಫೋಟೋ ತಂದರೆ ಕೇಳಿ: ದುಡ್ಡು ಕೊಟ್ಟು ತೆಗೆಸಿದ್ದಾ? ಬೇರೆ ಕರಾರಿಲ್ಲದಿದ್ದರೆ ತೆಗೆಸಿದವರೇ ಅದರ ಮೊದಲ ಒಡೆಯರು, ಸ್ಟುಡಿಯೋದವರಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ತಮ್ಮದೇ ಫೋಟೋಗೆ ಅಂಗಲಾಚುತ್ತಾರೆ.

ಕೊನೆಗೆ ಜೆಪೆಗ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಲೇಯರ್ ಇರುವ ಮೂಲ ಫೈಲು, ನೀವು ತೆಗೆದ ಫೋಟೋ, ಒಪ್ಪಿಗೆ ಕೊಟ್ಟವರ ಮೆಸೇಜು, ಮೂರನ್ನೂ ತಾರೀಖು ಹಾಕಿದ ಒಂದೇ ಫೋಲ್ಡರಿನಲ್ಲಿಡಿ. ಆ ಮೇಕೆಯ ಯಜಮಾನರ ಮೆಸೇಜು ನನ್ನ ಮೊದಲ ಫೋಲ್ಡರಿನಲ್ಲಿದೆ: “ಹಾಕ್ಕೊಳಿ ಅಣ್ಣಾ, ಹೆಸರು ಹಾಕಿ.”