ಗಾಳಿ ಬೆಟ್ಟಕ್ಕೆ, ಬಿಸಿಲು ಮಾಳಿಗೆಗೆ

ಚಿತ್ರದುರ್ಗದಲ್ಲಿ ಮನೆ ಇರುವವರಿಗೆ ಗಾಳಿಯಂತ್ರದ ಆಸೆ ಸಹಜ. ಮಾಳಿಗೆ ಹತ್ತಿದರೆ ಸಾಕು, ದೂರದ ಬೆಟ್ಟಸಾಲಿನ ಮೇಲೆ ಬಿಳಿ ರೆಕ್ಕೆಗಳು ತಿರುಗುವುದು ಕಾಣುತ್ತದೆ. ಅಲ್ಲಿ ಕಂಪನಿಯವರು ಗಾಳಿಯಿಂದ ದುಡ್ಡು ಮಾಡುತ್ತಿದ್ದರೆ ನಾವಿಲ್ಲಿ ತಿಂಗಳಿಗೆ ಎರಡು ಸಾವಿರದ ಮೇಲೆ ಕರೆಂಟ್ ಬಿಲ್ ಕಟ್ಟಿಕೊಂಡು ಕೂತಿದ್ದೀವಲ್ಲ, ಇದ್ಯಾವ ನ್ಯಾಯ ಅಂತ ನನ್ನ ಹೆಂಡತಿ ಕೇಳಿದ್ದು ಹೋದ ಆಷಾಢದಲ್ಲಿ, ಒಣಹಾಕಿದ ಬೆಡ್‌ಶೀಟು ಹಾರಿ ಪಕ್ಕದ ಮನೆ ಸೇರಿದ ದಿನ.

ಮೊದಲು ಬಿಲ್ಲನ್ನೇ ಬಿಡಿಸಿ ನೋಡಿದೆ. ನಮ್ಮ ಬಳಕೆ ತಿಂಗಳಿಗೆ ಸುಮಾರು 280 ಯೂನಿಟ್. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ರಾಜ್ಯ ಸರ್ಕಾರ ಲೆಕ್ಕಕ್ಕೆ ಹಿಡಿದದ್ದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10, ಅದೂ 200 ಯೂನಿಟ್ ಮಿತಿಯೊಳಗೆ. ನಮ್ಮ ಸರಾಸರಿ ಆಗಲೇ 200 ದಾಟಿತ್ತು, ಹಾಗಾಗಿ ಪೂರ್ತಿ ಬಿಲ್ ನಮ್ಮ ಪಾಲಿಗೆ. 2025ರ ಏಪ್ರಿಲ್‌ನಿಂದ ಜಾರಿಯಾದ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದಕ್ಕೆ ಶೇ 9 ತೆರಿಗೆ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಹೆಸರಿನಲ್ಲಿ ಇನ್ನೊಂದು 36 ಪೈಸೆ. ಎಲ್ಲ ಸೇರಿದರೆ 6 ರೂಪಾಯಿ 70 ಪೈಸೆಯ ಹತ್ತಿರ. ಮಂಜೂರಾದ ಲೋಡ್‌ಗೆ ಕಟ್ಟುವ ನಿಗದಿತ ಶುಲ್ಕ ಬೇರೆಯೇ ಇದೆ. ಮಾಳಿಗೆಯ ಮೇಲೆ ಏನೇ ತಂದು ಕೂರಿಸಿದರೂ ಅದು ತಪ್ಪುವುದಿಲ್ಲ. ಅಂದರೆ ನಾನು ಉಳಿಸಬಹುದಾದದ್ದು ಯೂನಿಟ್‌ಗೆ ಆರೂ ಮುಕ್ಕಾಲು ರೂಪಾಯಿಯ ಒಳಗೆ. ಗಾಳಿಯಾಗಲಿ ಬಿಸಿಲಾಗಲಿ, ಗೆಲ್ಲಬೇಕಾದದ್ದು ಈ ದರದ ಎದುರು.

ಗಾಳಿಯ ಲೆಕ್ಕ ನಿಂತಿರುವುದು ವೇಗದ ಘನದ ಮೇಲೆ. ವೇಗ ಅರ್ಧಕ್ಕಿಳಿದರೆ ಗಾಳಿಯೊಳಗಿನ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್ ವ್ಯಾಸದ ರೆಕ್ಕೆಯ ಒಂದು ಸಣ್ಣ ಯಂತ್ರ ತೆಗೆದುಕೊಳ್ಳಿ. ಸೆಕೆಂಡಿಗೆ 12 ಮೀಟರ್ ವೇಗದ ಗಾಳಿ ಬೀಸಿದರೆ ಅದು ಒಂದು ಕಿಲೋವ್ಯಾಟ್‌ನ ಆಸುಪಾಸು ಕೊಡುತ್ತದೆ. ಡಬ್ಬದ ಮೇಲೆ ಅಚ್ಚು ಹಾಕುವುದು ಈ ಅಂಕಿಯನ್ನೇ. ಅದೇ ಯಂತ್ರ 3 ಮೀಟರ್ ವೇಗದಲ್ಲಿ ಕೊಡುವುದು ಅದರ 64ನೇ ಒಂದು ಭಾಗ, ಸುಮಾರು 15 ವ್ಯಾಟ್. ಒಂದು ಎಲ್‌ಇಡಿ ಬಲ್ಬು. ಎಂಜಿನಿಯರಿಂಗ್ ಓದುವ ಅಳಿಯ ಕಾಲೇಜಿನಿಂದ ಕೈಯಲ್ಲಿ ಹಿಡಿದು ಗಾಳಿ ಅಳೆಯುವ ಮೀಟರ್ ತಂದಿದ್ದ. ಆಷಾಢ ಕಳೆದ ಮೇಲೆ ನಮ್ಮ ಮಾಳಿಗೆಯಲ್ಲಿ ಅದು ಹೆಚ್ಚಾಗಿ ತೋರಿಸಿದ್ದು ಎರಡು, ಮೂರು. ಗಾಳಿ ಬಂದಾಗ ತೂರಿಕೋ ಅಂದ ಹಿರಿಯರಿಗೆ ಅದು ವರ್ಷಪೂರ್ತಿ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು.

ಮೂರು ಮೀಟರ್ ವೇಗದ ಗಾಳಿ ತಿಂಗಳಿಡೀ ಬೀಸಿದರೆ ಸುಮಾರು ಹತ್ತು ಯೂನಿಟ್. ಮುಂಗಾರಿನ ಬಿರುಗಾಳಿಯನ್ನೂ ಸೇರಿಸಿ, ಉದಾರವಾಗಿ ಅದರ ನಾಲ್ಕು ಪಟ್ಟು ಎಂದೇ ಇಟ್ಟುಕೊಂಡೆ: 40 ಯೂನಿಟ್, 270 ರೂಪಾಯಿ. ಕಂಬ, ಬ್ಯಾಟರಿ, ಕಂಟ್ರೋಲರ್ ಸೇರಿ ನನಗೆ ಬಂದ ಕೊಟೇಶನ್ 1 ಲಕ್ಷ 80 ಸಾವಿರ. ಹಾಕಿದ ದುಡ್ಡು ಕೈಗೆ ಬರಲು ಐವತ್ತು ವರ್ಷ ದಾಟುತ್ತದೆ. ಅಲ್ಲಿಯವರೆಗೆ ಅದರ ಬೇರಿಂಗೂ ಬಾಳುವುದಿಲ್ಲ, ನಾನೂ ಬಾಳುವುದಿಲ್ಲ.

ಬೆಟ್ಟದ ಮೇಲೆ ಸಾಗುವುದು ಇಲ್ಲೇಕೆ ಸಾಗದು? ಅಲ್ಲಿ ಬೆಟ್ಟದ ಎತ್ತರದ ಮೇಲೆ ಗೋಪುರದ ಎತ್ತರ, ಅಡ್ಡಿಯಿಲ್ಲದ ಗಾಳಿ. ಊರೊಳಗೆ ಮನೆ, ಮರ, ನೀರಿನ ಟ್ಯಾಂಕುಗಳಿಗೆ ಬಡಿದು ಗಾಳಿ ಸುಳಿಯಾಗುತ್ತದೆ; ಸುಳಿಗಾಳಿಯಲ್ಲಿ ರೆಕ್ಕೆ ಒದ್ದಾಡುತ್ತದೆಯೇ ಹೊರತು ದುಡಿಯುವುದಿಲ್ಲ. ಸುತ್ತ 150 ಮೀಟರ್‌ನೊಳಗೆ ಇರುವ ಎಲ್ಲಕ್ಕಿಂತ ಕನಿಷ್ಠ 9 ಮೀಟರ್ ಮೇಲಿರಬೇಕು ಎಂಬುದು ಈ ಕಸುಬಿನವರ ರೂಢಿಯ ಅಳತೆ. ಅಂಥ ಕಂಬ ನೆಟ್ಟರೆ ಅದರ ನಡುಕ ಮನೆಯ ಸ್ಲ್ಯಾಬಿಗೇ. ಕರೆಂಟ್ ಲೈನೇ ಬಾರದ ಗುಡ್ಡದ ತೋಟದ ಮನೆಗೆ, ಸೋಲಾರ್ ಜೊತೆಗೆ, ಇದು ಒಪ್ಪಬಹುದು. ಊರ ಮನೆಗೆ ಬೇಡ.

ಇನ್ನು ಬಿಸಿಲು. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಸುಮಾರು ನೂರು ಚದರಡಿ ಜಾಗ ಕೇಳುತ್ತದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ ಸಬ್ಸಿಡಿ. ಅಲ್ಲಿಗೆ 78 ಸಾವಿರ. ಆಮೇಲೆ ಎಷ್ಟು ಹಾಕಿದರೂ ಅಷ್ಟೇ.

ಅಳತೆಗೆ ಬಂದ ಹುಡುಗ ಮೂರು ಕಿಲೋವ್ಯಾಟ್ ಬಿಟ್ಟು ಕೆಳಗಿಳಿಯಲು ತಯಾರಿರಲಿಲ್ಲ. "ಸಾರ್, ಮೂರು ಹಾಕಿದ್ರೇನೇ ಫುಲ್ ಸಬ್ಸಿಡಿ. ಎರಡಕ್ಕೆ ನಿಂತ್ರೆ ಹದಿನೆಂಟು ಸಾವಿರ ಬಿಟ್ಟಂಗೆ."

ನಾನು ಹೆಚ್ಚು ಹೊತ್ತು ಕೂತದ್ದು ಈ ಮೂರನೇ ಕಿಲೋವ್ಯಾಟ್ ಮೇಲೆ. ಎರಡಕ್ಕೆ ಅವನು ಹೇಳಿದ್ದು 1 ಲಕ್ಷ 30 ಸಾವಿರ. ಸಬ್ಸಿಡಿ ಕಳೆದರೆ 70 ಸಾವಿರ. ತಿಂಗಳಿಗೆ 240 ಯೂನಿಟ್ ಬರುತ್ತದೆ, ಎಲ್ಲವೂ ನಮ್ಮ ಬಳಕೆಯಲ್ಲೇ ವಜಾ ಆಗುತ್ತದೆ, 1,600 ರೂಪಾಯಿ ಉಳಿತಾಯ. ನಾಲ್ಕು ವರ್ಷದೊಳಗೆ ಅಸಲು ವಾಪಸ್. ಮೂರನೆಯದಕ್ಕೆ 60 ಸಾವಿರ, ಸಬ್ಸಿಡಿ ಹೋಗಿ 42 ಸಾವಿರ. ಅದು ಕೊಡುವ 120 ಯೂನಿಟ್‌ನಲ್ಲಿ ಮನೆಗೆ ಬೇಕಾದದ್ದು 40 ಮಾತ್ರ. ಉಳಿದ 80 ಗ್ರಿಡ್‌ಗೆ ಹೋಗುತ್ತದೆ, ಮತ್ತು ನಾವು ಮಾರುವ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ತುಂಬ ಕೆಳಗೆ. ಎರಡೂವರೆ ರೂಪಾಯಿ ಎಂದು ಹಿಡಿದರೂ ಎಲ್ಲ ಸೇರಿ ತಿಂಗಳಿಗೆ 470 ರೂಪಾಯಿ ಮುಟ್ಟುವುದಿಲ್ಲ. ಆ 42 ಸಾವಿರ ವಾಪಸ್ಸಾಗಲು ಏಳೂವರೆ ವರ್ಷ. ಮೂರನ್ನೂ ಒಟ್ಟಿಗೆ ಕಟ್ಟಿ ಸರಾಸರಿ ಹೇಳಿದರೆ ಇದು ಕಾಣುವುದೇ ಇಲ್ಲ. ಮಾರುವವರು ಸರಾಸರಿಯನ್ನೇ ಹೇಳುತ್ತಾರೆ. ಮದುವೆ ಸೀರೆ ಅಂಗಡಿಯಲ್ಲಿ "ಮೂರು ತಗೊಂಡ್ರೆ" ಅನ್ನುವ ಬೋರ್ಡಿನ ಎದುರು ನಿಂತ ಹಾಗೆ ಆಯಿತು ನನಗೆ. ಎರಡು ಸಾಕು ಎಂದೆ. ಮುಂದೆ ಎಲೆಕ್ಟ್ರಿಕ್ ಸ್ಕೂಟರ್, ಎಸಿ ಬರುವ ಮನೆಯಾದರೆ ಮೂರೇ ಸರಿ.

ಬ್ಯಾಂಕ್ ಠೇವಣಿಗೆ ಹೋಲಿಸಿ ನೋಡುವವರಿಗೆ ಒಂದು ಮಾತು. 70 ಸಾವಿರವನ್ನು ಶೇ 7ಕ್ಕೆ ಇಟ್ಟರೆ ವರ್ಷಕ್ಕೆ 4,900, ಅದರ ಮೇಲೆ ಆದಾಯ ತೆರಿಗೆಯ ಕಣ್ಣು. ಪ್ಯಾನೆಲ್ ಉಳಿಸುವುದು ವರ್ಷಕ್ಕೆ 19 ಸಾವಿರ, ಉಳಿಸಿದ ಬಿಲ್ಲಿಗೆ ತೆರಿಗೆಯಿಲ್ಲ. ಆದರೆ ಠೇವಣಿಯಲ್ಲಿ ಅಸಲು ಹಾಗೇ ಇರುತ್ತದೆ, ಇಲ್ಲಿ ಅಸಲು ಸವೆಯುತ್ತದೆ. ಪ್ಯಾನೆಲ್‌ಗೆ 25 ವರ್ಷದ ಭರವಸೆ ಇದ್ದರೂ ಇಳುವರಿ ವರ್ಷಕ್ಕೆ ಅರ್ಧ ಶೇಕಡದಷ್ಟು ಇಳಿಯುತ್ತದೆ, ಇನ್ವರ್ಟರ್ ಹತ್ತು ವರ್ಷಕ್ಕೊಮ್ಮೆ ಬದಲಾಗಬೇಕಾದೀತು. ಅದಕ್ಕೆಂದು ತಿಂಗಳಿಗೆ 300 ರೂಪಾಯಿ ಬೇರೆ ಖಾತೆಗೆ ಹಾಕುತ್ತಿದ್ದೇನೆ. ಸಬ್ಸಿಡಿ ಮೊದಲೇ ಕಳೆದು ಕೊಡುವುದಿಲ್ಲ ಎಂಬುದೂ ನೆನಪಿರಲಿ: ಪೂರ್ತಿ ಹಣ ಕೊಟ್ಟು, ಎರಡೂ ಕಡೆ ಓಡುವ ಮೀಟರ್ ಕೂತು, ಕೆಲಸ ಶುರುವಾದ ಮೇಲೆ ನಮ್ಮ ಖಾತೆಗೆ ಬೀಳುತ್ತದೆ. ಪ್ಯಾನೆಲ್‌ನ ಸೆಲ್‌ಗಳೂ ಭಾರತದಲ್ಲೇ ತಯಾರಾಗಿರಬೇಕು.

ಮೂರು ಹೊತ್ತೂ ಕರೆಂಟ್ ಇರುತ್ತದೆ ಎಂದು ಇದನ್ನು ಹಾಕಿಸಬೇಡಿ. ಲೈನ್ ಹೋದರೆ ಇಂಥ ಸೋಲಾರ್ ತಾನೂ ನಿಲ್ಲುತ್ತದೆ; ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮಾಳಿಗೆಯ ಕರೆಂಟ್ ಹೊಡೆಯಬಾರದಲ್ಲ. ಅದಕ್ಕೇ ನಮ್ಮ ಹಳೆಯ ಯುಪಿಎಸ್ ಇನ್ನೂ ಮೂಲೆಯಲ್ಲಿದೆ. ಇನ್ನು ಪ್ಯಾನೆಲ್ ತೊಳೆಯುವ ನೀರು: ದುರ್ಗದ ಗಡಸು ಬೋರ್ ನೀರಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಫಿಲ್ಟರ್‌ನಿಂದ ಹೊರಗೆ ಹೋಗುವ ನೀರೂ ಬೇಡ, ಅದು ಇನ್ನೂ ಗಡಸು. ನಾವು ಮಳೆನೀರು ಹಿಡಿದಿಟ್ಟುಕೊಂಡು ಬೆಳಿಗ್ಗೆ ಗಾಜು ತಣ್ಣಗಿರುವಾಗ ಒರೆಸುತ್ತೇವೆ. ಪ್ಯಾನೆಲ್ ಮೇಲೇರುವ ಕೋತಿಗಳ ವಿಷಯಕ್ಕೆ ಪರಿಹಾರ ಸಿಕ್ಕಿದವರು ತಿಳಿಸಿ.

ಹೊಸದುರ್ಗದ ತಂಗಿ ಎಲ್ಲ ನೋಡಿಕೊಂಡು ಹೋಗಿ ಫೋನ್ ಮಾಡಿದಳು, "ಅಣ್ಣ, ನಾವೂ ಹಾಕಿಸ್ಲಾ?" ಅವಳ ಮನೆ ಬಳಕೆ 110 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಸೊನ್ನೆಯಿಂದ ಏನು ಉಳಿಸುತ್ತೀಯ ಎಂದೆ. "ನಾಳೆ ಸರ್ಕಾರ ನಿಲ್ಲಿಸಿಬಿಟ್ರೆ?" ನಿಲ್ಲಿಸಿದ ತಿಂಗಳೇ ಹಾಕಿಸು, ಒಂದು ಕಿಲೋವ್ಯಾಟ್ ಸಾಕು, ಅಲ್ಲಿಯವರೆಗೆ ಆ ದುಡ್ಡು ಅಂಚೆ ಕಚೇರಿಯಲ್ಲಿರಲಿ ಎಂದು ಹೇಳಿದ್ದೇನೆ. ಅವಳ ಗಂಡ ಮಾತ್ರ ಇನ್ನೂ ಗಾಳಿಯಂತ್ರದ ವಿಡಿಯೋ ಕಳಿಸುತ್ತಲೇ ಇದ್ದಾರೆ.