ಪರಮಾಣುಗಳ ಬಂಧವೂ ಬಾವಿಯ ನೀರೂ

ಪರಮಾಣುವಿನ ನಡುವೆ ಬೀಜಕೇಂದ್ರವಿದ್ದು, ಅದರ ಸುತ್ತ ಎಲೆಕ್ಟ್ರಾನುಗಳು ಕವಚ ಕವಚಗಳಾಗಿ ನೆಲೆಸಿವೆ. ಹೊರಕವಚವು ತುಂಬಿರುವ ಹೀಲಿಯಂ, ನಿಯಾನ್‌ಗಳು ಯಾರ ಸಂಗವನ್ನೂ ಬಯಸವು. ಅದು ತುಂಬದಿರುವ ಪರಮಾಣುಗಳು ಅನ್ಯ ಪರಮಾಣುಗಳೊಡನೆ ಬೆಳೆಸುವ ಸಂಬಂಧಕ್ಕೆ ರಾಸಾಯನಿಕ ಬಂಧವೆಂದು ಹೆಸರು.

ಅಡಿಗೆಯ ಉಪ್ಪಿನಲ್ಲಿ ಸೋಡಿಯಂ ತನ್ನ ಹೊರಕವಚದ ಏಕಮಾತ್ರ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಡುತ್ತದೆ. ಕ್ಲೋರಿನ್ನಿನ ಏಳು ಎಂಟಾಗುತ್ತವೆ. ಕೊಟ್ಟುದು ಧನ ಅಯಾನು, ಪಡೆದುದು ಋಣ ಅಯಾನು. (ಪಡೆದವನು ಋಣಿಯೆಂಬುದು ಲೋಕಕ್ಕೆ ಒಪ್ಪಿದ ಮಾತು, ಕೊಟ್ಟವನೇ ಧನವಂತನಾಗುವುದು ಈ ಶಾಸ್ತ್ರದ ವಿಶೇಷ!) ಇವುಗಳ ಪರಸ್ಪರ ಆಕರ್ಷಣೆಯೇ ಅಯಾನಿಕ ಬಂಧ. ನೀರಿನಲ್ಲಿ ಜಲಜನಕ, ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ. ಅದು ಸಹವೇಲೆನ್ಸೀಯ ಬಂಧ. ಹಟ್ಟಿಯ ಗಣಿಯ ಚಿನ್ನದಲ್ಲಿ ಹೊರ ಎಲೆಕ್ಟ್ರಾನುಗಳು ಎಲ್ಲ ಪರಮಾಣುಗಳ ಸಾಮೂಹಿಕ ಸೊತ್ತು. ಅಕ್ಕಸಾಲಿಗನ ಸುತ್ತಿಗೆಗೆ ಪರಮಾಣುಗಳ ಸಾಲು ಜರುಗಿದರೂ ಈ ಲೋಹಬಂಧ ಕಡಿಯದು.

ಆದರೆ ರಾಯಚೂರು ಜಿಲ್ಲೆಯ ವಿದ್ಯಾರ್ಥಿಯು ವಿಶೇಷವಾಗಿ ಮನಗಾಣಬೇಕಾದುದು ಅಯಾನಿಕ ಬಂಧವನ್ನು. ರಾಯಚೂರು ನಗರಕ್ಕೆ ನದಿಯ ನೀರು ಬರುತ್ತದೆ. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಅನೇಕ ಹಳ್ಳಿಗಳು ಬಹುಕಾಲ ಕೊಳವೆಬಾವಿಯನ್ನೇ ನಂಬಿದುವು. ಅಲ್ಲಿಯ ನೆಲದಡಿಯ ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಲ್ಲಿ ಫ್ಲೋರಿನ್ ಅಡಗಿದೆ. ಅಂತರ್ಜಲವು ಕಲ್ಲಿನ ಬಿರುಕುಗಳಲ್ಲಿ ದೀರ್ಘಕಾಲ ನಿಂತಾಗ ಫ್ಲೋರೈಡ್ ಅಯಾನು ಕಲ್ಲನ್ನು ತೊರೆದು ನೀರನ್ನು ಸೇರುತ್ತದೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದಲ್ಲಿ 1.5 ರವರೆಗೆ ಸಹ್ಯ. ಹಲ್ಲುಮೂಳೆಗಳ ಗಟ್ಟಿತನವು ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸಿಲ್ ಅಯಾನುಗಳ ಹರಳಿನಿಂದ ಬಂದುದು. ಫ್ಲೋರೈಡಿನ ಋಣಾಂಶ ಹೈಡ್ರಾಕ್ಸಿಲಿನಷ್ಟೇ; ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಅದರ ಪೀಠವನ್ನು ಇದು ಸುಲಭವಾಗಿ ಆಕ್ರಮಿಸುತ್ತದೆ. ಅಲ್ಪವಾದರೆ ಹಲ್ಲಿಗೆ ಹಿತ. ಅತಿಯಾದರೆ ಮೂಡುತ್ತಿರುವ ಹಲ್ಲಿನ ಮೇಲೆ ಕಂದುಕಲೆ. ವರ್ಷಾನುಗಟ್ಟಲೆ ಕುಡಿದರೆ ಕೀಲುಗಳು ಬಿಗಿದು ಬೆನ್ನು ಬಗ್ಗದಂತಾಗುವುದು.

ಕಾಯಿಸಿದ ನೀರು ನಿರ್ದೋಷವೆಂಬುದು ಮನೆಮನೆಯ ನಂಬಿಕೆ. ಕ್ರಿಮಿಗಳು ಸಾಯುವುದು ನಿಜ. ಫ್ಲೋರೈಡಿಗೆ ಸಾಯಲು ಜೀವವಿಲ್ಲ. ಆವಿಯಾಗಿ ಹೋಗುವ ಗುಣವೂ ಇಲ್ಲ. ನೀರು ಕುದಿದು ಇಂಗಿದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುವುದು. ಬಟ್ಟೆಯಲ್ಲಿ ಸೋಸಿಯೂ ಫಲವಿಲ್ಲ. ರಿವರ್ಸ್ ಆಸ್ಮಾಸಿಸ್ ಘಟಕದ ಪೊರೆಯು ಅದರ ಬಹುಭಾಗವನ್ನು ತಡೆಯುತ್ತದೆ. ಸಕ್ರಿಯಗೊಳಿಸಿದ ಅಲ್ಯೂಮಿನಾ ಅದನ್ನು ತನ್ನ ಮೈಗೆ ಹಿಡಿದಿಟ್ಟುಕೊಳ್ಳುತ್ತದೆ. ಆ ಮೈ ತುಂಬಿದ ಬಳಿಕ ಕ್ಷಾರದಿಂದ ತೊಳೆದು ಪುನಶ್ಚೇತನಗೊಳಿಸದಿದ್ದಲ್ಲಿ ನೀರು ಬಂದಂತೆಯೇ ಹೊರಬೀಳುತ್ತದೆ. ನೋಡುವ ಕಣ್ಣಿಗೆ ಎರಡು ನೀರೂ ಒಂದೇ.