ಕುವೈತ್‌ನ ಕರಾವಳಿ ಜೌಗು ಪ್ರದೇಶ: ಪುನಶ್ಚೇತನದ ಹಣ ಮತ್ತು ಆಕ್ರಮಣಕಾರಿ ಸಸ್ಯ

ಬುಬಿಯಾನ್ ದ್ವೀಪದ ಮುಬಾರಕ್ ಅಲ್-ಕಬೀರ್ ಮೀಸಲು ಪ್ರದೇಶ ಕುವೈತ್‌ನ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ (2015). ಏಡಿ ತಿನ್ನುವ ಕ್ರ್ಯಾಬ್ ಪ್ಲೋವರ್ ಹಕ್ಕಿಗಳು ಇಲ್ಲಿ ಮರಿ ಮಾಡುತ್ತವೆ.

ಕುವೈತ್‌ನ ಪರಿಸರ ಪುನಶ್ಚೇತನದ ವಿಷಯದಲ್ಲಿ ಪ್ರಶ್ನೆ ಹೆಚ್ಚಾಗಿ ಏಳುವುದು ಹಣದ ಮೂಲದ ಬಗ್ಗೆ. ಕೊಲ್ಲಿ ಯುದ್ಧದ ನಂತರ, 1991ರಲ್ಲಿ, ಭದ್ರತಾ ಮಂಡಳಿಯ 687 ಮತ್ತು 692ನೇ ನಿರ್ಣಯಗಳಂತೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಜಿನೀವಾದಲ್ಲಿ ಹುಟ್ಟಿತು. ಇರಾಕಿನ ತೈಲ ಆದಾಯದ ಒಂದು ಪಾಲಿನಿಂದ ಅದು ಒಟ್ಟು ಸುಮಾರು 5,240 ಕೋಟಿ ಡಾಲರ್ ಪಾವತಿಸಿ, 2022ರಲ್ಲಿ ಕೆಲಸ ಮುಗಿಸಿತು. ಇದರಲ್ಲಿ ಪರಿಸರ ಹಾನಿಗೂ ಪಾಲಿತ್ತು. ಕುವೈತ್ ತೈಲ ತೊಯ್ದ ಮಣ್ಣಿನ ಶುದ್ಧೀಕರಣಕ್ಕೆ ಮತ್ತು ಸ್ಥಳೀಯ ಸಸ್ಯಗಳನ್ನು ಮರಳಿ ಬೆಳೆಸಲು ಹಣ ಪಡೆಯಿತು. ಯುದ್ಧದ ಪರಿಸರ ಹಾನಿಗೆ ಬೆಲೆ ಕಟ್ಟಿ ತೆರಿಸಿದ ಈ ಉದಾಹರಣೆ ತೀರಾ ಅಪರೂಪದ್ದು, ಗಮನವಿಟ್ಟು ಓದಬೇಕಾದದ್ದು.

ಆಕ್ರಮಣಕಾರಿ ಸಸ್ಯವನ್ನು ಗುರುತಿಸುವಾಗ ಎಚ್ಚರ: ಕುವೈತ್‌ನ ಜಹ್ರಾ ಮೀಸಲು ಪ್ರದೇಶದ ಫ್ರಾಗ್ಮೈಟಿಸ್ ಜೊಂಡು ದಟ್ಟವಾಗಿ ಹಬ್ಬಿದರೂ ಆ ಪ್ರದೇಶಕ್ಕೆ ಹೊರಗಿನದಲ್ಲ. ಆದರೆ ಪ್ರೊಸೋಪಿಸ್ ಜೂಲಿಫ್ಲೋರಾ, ಅಂದರೆ ನಮ್ಮ ಬಳ್ಳಾರಿ ಜಾಲಿ, ಅಮೆರಿಕ ಖಂಡಗಳ ಮೂಲದ್ದು. ಉಪ್ಪು ನೆಲದಲ್ಲೂ ಬೇರೂರುತ್ತದೆ.

ಹೋಲಿಕೆಗೆ: ಕರ್ನಾಟಕದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಭಾರತದಲ್ಲಿ ಜೌಗು ಸಂರಕ್ಷಣೆಯ ಅನುದಾನವನ್ನು ಹೆಚ್ಚಿನ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯ 60:40 ಅನುಪಾತದಲ್ಲಿ ಭರಿಸುತ್ತವೆ.